ಮಂಗ ಸತ್ತ ಸುದ್ದಿ ಮೊದಲು ನಮಗೆ ಹೇಳಿ: ಆರೋಗ್ಯ ಸಚಿವರಿಗೆ, ಮಲೆನಾಡಿನ ಜಿಲ್ಲಾಡಳಿತಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ, ಆರೋಗ್ಯ, ಅರಣ್ಯ, ಪಶುಪಾಲನೆ ಮೂರೂ ಇಲಾಖೆಯ ಅಧಿಕಾರಿಗಳಿಗೆ ನಮಸ್ಕಾರ.

ನಾನು ಸಾಗರ ತಾಲೂಕಿನವಳು. ಶರಾವತಿ ಹಿನ್ನೀರಿಗೆ ಹತ್ತಿರದ ಊರು, ಮನೆಗೆ ಸ್ವಲ್ಪ ಅಡಿಕೆ ತೋಟ ಇದೆ, ಕೊಟ್ಟಿಗೇಲಿ ದನ ಇದಾವೆ, ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ, ಅಂದ್ರೆ ತೋಟಕ್ಕೆ ಕೊಟ್ಟಿಗೆಗೆ ಸೊಪ್ಪು ತರೋ ಕಾಡು. ಇಷ್ಟು ಹೇಳಿದ್ರೆ ಸಾಕು, ನಮ್ಮ ಕಡೆಯವರಿಗೆ ಈ ಪತ್ರ ಯಾವ ವಿಷಯಕ್ಕೆ ಅಂತ ಗೊತ್ತಾಗಿರತ್ತೆ. ಮಂಗನ ಕಾಯಿಲೆ ಬಗ್ಗೆನೇ ಬರೀತಿದೀನಿ. ಕೆಎಫ್‌ಡಿ ಅಂತ ನೀವು ಫೈಲಲ್ಲಿ ಬರೆಯೋದು, ಕ್ಯಾಸನೂರು ಕಾಡಿನ ಕಾಯಿಲೆ.

ಲಸಿಕೆ ಬೇಕು, ಡಾಕ್ಟರ್ ಬೇಕು, ಆಂಬುಲೆನ್ಸ್ ಬೇಕು ಅಂತ ನಮ್ಮ ಊರುಗಳಿಂದ ಮನವಿ ಕೊಟ್ಟು ಕೊಟ್ಟು ಆಗಿದೆ, ಅದೆಲ್ಲಾ ಬೇಕೇ ಬೇಕು, ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಇವತ್ತು ಕೇಳ್ತಿರೋದು ಅದಕ್ಕಿಂತ ಕಡಿಮೆ ಖರ್ಚಿಂದು. ನಿಮಗೆ ಗೊತ್ತಿರೋದನ್ನ ನಮಗೂ ಹೇಳಿ. ಎಲ್ಲಿ ಮಂಗ ಸತ್ತಿದೆ, ಯಾವ ಕಾಡಿನ ಉಣುಗಿನಲ್ಲಿ (ರಕ್ತ ಹೀರೋ ಉಣ್ಣೆ ಹುಳದಲ್ಲಿ) ವೈರಸ್ ಸಿಕ್ಕಿದೆ, ಯಾವ ಊರಲ್ಲಿ ಪಾಸಿಟಿವ್ ಬಂದಿದೆ, ಇದನ್ನ ಊರಿನ ಹೆಸರು ಹೇಳಿ, ಅವತ್ತೇ ಹೇಳಿ. ತಾಲೂಕಲ್ಲಿ ಇಷ್ಟು, ಜಿಲ್ಲೇಲಿ ಇಷ್ಟು ಅಂತ ಪೇಪರಲ್ಲಿ ಬರೋ ಲೆಕ್ಕ ಇಟ್ಕೊಂಡು ನಾವು ನಾಳೆ ಬೆಳಿಗ್ಗೆ ಯಾವ ಬೆಟ್ಟಕ್ಕೆ ಸೊಪ್ಪಿಗೆ ಹೋಗಬಾರದು ಅಂತ ತೀರ್ಮಾನ ಮಾಡೋಕೆ ಆಗಲ್ಲ ಸಾರ್.

ಹೇಳಿದ್ರೆ ಜನ ಗಾಬರಿ ಆಗ್ತಾರೆ ಅಂತ ಒಂದು ಮಾತಿದೆ. ಸಭೆಗಳಲ್ಲಿ ಅದನ್ನ ಎಷ್ಟೋ ಸಲ ಕೇಳಿದೀನಿ. ಗಾಬರಿ ಆಗಲೇ ಇದೆ. ಯಾರದೋ ಮನೇಲಿ ಜ್ವರ ಅಂದ್ರೆ ಸಂಜೆ ಒಳಗೆ ವಾಟ್ಸಾಪಲ್ಲಿ ಅದು ಹತ್ತು ಜನಕ್ಕೆ ಆಗಿರತ್ತೆ, ಮಾರನೇ ದಿನಕ್ಕೆ ಇಬ್ಬರು ಹೋಗೇಬಿಟ್ರು ಅಂತ ಸುದ್ದಿ, ಎಲ್ಲೋ ಹಳೇ ವರ್ಷದ ಸತ್ತ ಮಂಗದ ಫೋಟೋ ನಮ್ಮೂರಿಂದು ಅಂತ ಓಡಾಡ್ತಿರತ್ತೆ. ಸರಿ ಸುದ್ದಿ ಕೊಡೋರು ಸುಮ್ಮನಿದ್ರೆ ಆ ಜಾಗಕ್ಕೆ ಸುಳ್ಳು ಸುದ್ದಿ ಬಂದು ಕೂರತ್ತೆ. ಕೊರೋನಾ ಟೈಮಲ್ಲಿ ಇದೇ ಇಲಾಖೆ ದಿನಾ ಸಂಜೆ ಬುಲೆಟಿನ್ ಬಿಡ್ತಿತ್ತು, ಯಾವ ಜಿಲ್ಲೆ, ಎಷ್ಟು ಟೆಸ್ಟ್, ಎಷ್ಟು ಪಾಸಿಟಿವ್, ಎಷ್ಟು ಜನ ಐಸಿಯೂಲಿ ಅಂತ ಎಲ್ಲಾ ಇರ್ತಿತ್ತು, ಅಂದ್ರೆ ಮಾಡೋ ಶಕ್ತಿ ಇಲಾಖೆಗೆ ಇದೆ. ಅದಕ್ಕೆ ಹೋಲಿಸಿದ್ರೆ ನಮ್ಮ ಕಾಯಿಲೆ ಬರೋದು ಕೆಲವೇ ತಾಲೂಕುಗಳಲ್ಲಿ, ಅದೂ ಗೊತ್ತಿರೋ ತಿಂಗಳುಗಳಲ್ಲಿ.

ಇದೇನು ಹೊಸ ಕಾಯಿಲೆ ಅಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತು, ಅಕ್ಕಪಕ್ಕದ ಊರಿನ ಜನ ಜ್ವರ ಬಂದು ಮಲಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಪತ್ತೆ ಮಾಡಿದ್ರು. ಇವತ್ತಿನ ಎನ್‌ಐವಿ, ರಾಷ್ಟ್ರೀಯ ವೈರಾಣು ಸಂಸ್ಥೆ ಅಂದ್ರೆ ಅದೇ. ಮೊದಲು ಹಳದಿ ಜ್ವರ ಇರಬಹುದಾ ಅಂತ ಅನುಮಾನ ಇತ್ತಂತೆ, ಆಮೇಲೆ ನೋಡಿದ್ರೆ ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರೋ ಮೆದುಳುಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ಅಲ್ಲಿಂದ ಲೆಕ್ಕ ಹಾಕಿ, ಆಗ ಹುಟ್ಟಿದ ಮಕ್ಕಳು ಈಗ ಅಜ್ಜ ಅಜ್ಜಿ ಆಗಿದಾರೆ. ಇಷ್ಟು ವರ್ಷದಲ್ಲಿ ಕಾಯಿಲೆ ಸೊರಬ ಸಾಗರ ಬಿಟ್ಟು ಎಲ್ಲೆಲ್ಲಿಗೋ ಹೋಯ್ತು. 1980ರ ದಶಕದಲ್ಲಿ ಬೆಳ್ತಂಗಡಿ ಕಡೆ ಬಂತು, 2012ರ ಕೊನೆಗೆ ಬಂಡೀಪುರದಲ್ಲಿ ಕಾಣಿಸ್ತು, ಆಮೇಲೆ ನೀಲಗಿರಿ, ವಯನಾಡು, ಮಲಪ್ಪುರಂ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಪಶ್ಚಿಮ ಘಟ್ಟ ಹಿಡಿದು ಎರಡೂ ಕಡೆ ಹರಡ್ಕೊಂಡು ಹೋಗಿದೆ. ಹಾಗಾಗಿ ಇದು ಶಿವಮೊಗ್ಗದವರ ತಲೆನೋವು ಅಂತ ಬೆಂಗಳೂರಲ್ಲಿ ಕೂತು ಅಂದ್ಕೊಳ್ಳೋ ಹಾಗಿಲ್ಲ.

2018ರ ಡಿಸೆಂಬರ್‌ನಲ್ಲಿ ನಮ್ಮ ತಾಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಶುರುವಾಗಿದ್ದು ಇಲ್ಲಿಯವರು ಯಾರೂ ಮರೆತಿಲ್ಲ. ಮನೆ ಬಿಟ್ಟು ನೆಂಟರ ಊರಿಗೆ ಹೋದವರಿದ್ರು, ಕೊಯ್ಲಿಗೆ ಬಂದ ಅಡಿಕೆ ಮರದಲ್ಲೇ ಉಳೀತು, ಮದುವೆ ಕರೆಯೋಕೆ ಬರೋರು ಊರ ಹೊರಗಿಂದಲೇ ಫೋನ್ ಮಾಡಿ ಹೋದ್ರು. ಆವಾಗ ಜನ ಕೇಳಿದ ಪ್ರಶ್ನೆ ಒಂದೇ, ಮಂಗ ಸತ್ತಿದ್ದು ಮೊದಲೇ ಗೊತ್ತಿತ್ತಾ, ಗೊತ್ತಿದ್ರೆ ನಮಗ್ಯಾಕೆ ಹೇಳಿಲ್ಲ.

ಮಂಗ ಸಾಯೋದು ಯಾಕೆ ಮುಖ್ಯ ಅಂತ ಹೊರಗಿನ ಓದುಗರಿಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಹೆಸರು ಕೇಳಿ ಮಂಗನಿಂದ ಮನುಷ್ಯನಿಗೆ ನೇರ ಬರೋ ಕಾಯಿಲೆ ಅಂತ ತುಂಬಾ ಜನ ತಿಳ್ಕೊಂಡಿದಾರೆ. ವೈರಸ್ ಇರೋದು ಕಾಡಿನ ಉಣುಗಿನಲ್ಲಿ. ಇಲಿ, ಹೆಗ್ಗಣ, ಅಳಿಲು ಇಂಥ ಸಣ್ಣ ಪ್ರಾಣಿಗಳ ಮೈಮೇಲೂ ಉಣುಗು ಇರತ್ತೆ, ಹಾಗೆ ಕಾಡಲ್ಲಿ ಅದು ಯಾರಿಗೂ ಕಾಣದ ಹಾಗೆ ಸುತ್ತುತ್ತಾ ಇರತ್ತೆ. ಕಪ್ಪು ಮೂತಿ ಮುಸುವಕ್ಕೆ, ಕೆಂಪು ಮೂತಿ ಮಂಗಕ್ಕೆ ಕಚ್ಚಿದ್ರೆ ಅವುಗಳಿಗೆ ತಡ್ಕೊಳ್ಳೋಕೆ ಆಗಲ್ಲ, ಅದರಲ್ಲೂ ಮುಸುವ ಬೇಗ ಸಾಯತ್ತೆ. ಸತ್ತ ಮೈ ತಣ್ಣಗಾಗ್ತಿದ್ದ ಹಾಗೆ ಅದರ ಮೇಲಿದ್ದ ಉಣುಗೆಲ್ಲಾ ಕೆಳಗೆ ಇಳಿದು ಅಲ್ಲೇ ತರಗೆಲೆ ಒಳಗೆ ಸೇರ್ಕೊಳ್ಳತ್ತೆ. ಅಂದ್ರೆ ಮಂಗ ಸತ್ತ ಜಾಗ ಅನ್ನೋದು ಆ ಸೀಸನ್ನಿನ ಅತಿ ಅಪಾಯದ ಜಾಗ. ಇಲಾಖೆಯವರೇ ಆ ಜಾಗದ ಸುತ್ತ 50 ಅಡಿ ಉಣುಗು ಸಾಯಿಸೋ ಮೆಲಾಥಿಯನ್ ಪುಡಿ ಹೊಡೀಬೇಕು ಅಂತ ನಿಯಮ ಇಟ್ಕೊಂಡಿದಾರೆ. ಪುಡಿ ಹೊಡೆಯೋ ಹುಡುಗನಿಗೆ ಜಾಗ ಗೊತ್ತಿರತ್ತೆ, ಅದೇ ದಾರೀಲಿ ಮಾರನೇ ದಿನ ಕಟ್ಟಿಗೆಗೆ ಹೋಗೋ ಹೆಂಗಸಿಗೆ ಗೊತ್ತಿರಲ್ಲ. ನನ್ನ ಪೂರ್ತಿ ಸಂಕಟ ಇದೊಂದೇ ಸಾಲಿನಲ್ಲಿದೆ.

ಇನ್ನೊಂದು, ಇದನ್ನ ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಬಸ್ ಸ್ಟಾಂಡಲ್ಲಿ ಹಾಕಬೇಕು: ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಜ್ವರ ಬಂದವರ ಪಕ್ಕ ಕೂತ್ರೆ ಬರಲ್ಲ, ಅವರ ತಟ್ಟೇಲಿ ಉಂಡ್ರೆ ಬರಲ್ಲ, ಅವರ ಮಕ್ಕಳು ಶಾಲೆಗೆ ಬಂದ್ರೆ ಬೇರೆ ಮಕ್ಕಳಿಗೆ ಬರಲ್ಲ. ಕೊರೋನಾ ಆದಮೇಲೆ ಜನಕ್ಕೆ ಎಲ್ಲಾ ಕಾಯಿಲೇನೂ ಹಾಗೇ ಅನ್ನಿಸಿಬಿಟ್ಟಿದೆ. ಪಾಸಿಟಿವ್ ಬಂದ ಮನೆಗೆ ಹಾಲು ತಗೊಳ್ಳೋಕೆ ಬರೋರು ನಿಲ್ಲಿಸಿದ್ದು, ಆ ಮನೆಯವರನ್ನ ಸಂಘದ ಮೀಟಿಂಗಿಗೆ ಬರಬೇಡಿ ಅಂದಿದ್ದು ನಾನೇ ಕಂಡಿದೀನಿ. ಹಾಗೆ ಮಾಡಿದ್ರೆ ಮುಂದಿನ ಮನೆಯವರು ಜ್ವರ ಬಂದ್ರೂ ಹೇಳಲ್ಲ, ಮುಚ್ಚಿಟ್ಕೊಂಡು ಮಲಗ್ತಾರೆ. ಊರ ಹೆಸರು ಹೇಳಿ ಅಂತ ನಾನು ಕೇಳ್ತಿರೋದು, ಮನುಷ್ಯರ ಹೆಸರನ್ನಲ್ಲ. ಯಾವ ಮನೆ, ಯಾರು, ಏನು ಅನ್ನೋದು ಹೊರಗೆ ಬರಲೇಬಾರದು. ಕಾಡಿನ ಜಾಗ ಹೇಳಿ, ಊರು ಹೇಳಿ, ಅಷ್ಟೇ ಸಾಕು.

ಈಗ ಕಾಡಿಗೆ ಹೋಗಬೇಡಿ ಅನ್ನೋ ಪಾಂಪ್ಲೆಟ್ ವಿಷಯ. ಪ್ರತಿ ವರ್ಷ ಬರತ್ತೆ, ಆಶಾ ಕಾರ್ಯಕರ್ತೆಯರು ಪಾಪ ಮನೆ ಮನೆಗೆ ಹಂಚ್ತಾರೆ. ಬರೆದವರಿಗೆ ನಮ್ಮ ಬದುಕು ಗೊತ್ತಿದ್ಯಾ ಅಂತ ನನಗೆ ಅನುಮಾನ. ಕಾಯಿಲೆ ಸೀಸನ್ ಯಾವಾಗ, ನವೆಂಬರ್ ಡಿಸೆಂಬರಿಂದ ಮೇವರೆಗೆ. ಮಳೆ ನಿಂತಮೇಲೆ ಉಣುಗಿನ ಮರಿ ಏಳತ್ತೆ, ಜನವರಿ ಫೆಬ್ರವರಿ ಹೊತ್ತಿಗೆ ಎಳ್ಳಿನ ಗಾತ್ರ ಆಗಿರತ್ತೆ, ಆ ಹಂತದ್ದೇ ಮನುಷ್ಯರಿಗೆ ಹೆಚ್ಚು ಕಚ್ಚೋದು, ಕಚ್ಚಿದ್ದೂ ಎಷ್ಟೋ ಸಲ ಗೊತ್ತಾಗಲ್ಲ. ನಮ್ಮ ಕೆಲಸದ ಸೀಸನ್ ಯಾವಾಗ, ಅದೂ ಆಗಲೇ. ಅಡಿಕೆ ಕೊನೆ ಕೊಯ್ಲು ಆಗಲೇ, ಅಡಿಕೆ ಬೇಯಿಸೋಕೆ ಕಟ್ಟಿಗೆ ಬೇಕಾಗೋದು ಆಗಲೇ, ಬೆಟ್ಟದಲ್ಲಿ ದರಕು (ಒಣ ಎಲೆ) ಉದುರೋದು, ಅದನ್ನ ಗುಡಿಸಿ ವರ್ಷಕ್ಕಾಗುವಷ್ಟು ಕೊಟ್ಟಿಗೆಗೆ ತುಂಬ್ಕೊಳ್ಳೋದು ಆಗಲೇ. ದರಕು ಇಲ್ದೆ ಕೊಟ್ಟಿಗೆ ಇಲ್ಲ, ಕೊಟ್ಟಿಗೆ ಇಲ್ದೆ ಗೊಬ್ಬರ ಇಲ್ಲ, ಗೊಬ್ಬರ ಇಲ್ದೆ ತೋಟ ಇಲ್ಲ. ದರಕು ಗುಡಿಸೋಕೆ ಹೋಗೋರು ಬಹುಪಾಲು ಹೆಂಗಸರು, ಬಗ್ಗಿ, ಕೈಯಲ್ಲಿ ಬಾಚಿ, ಕಲ್ಲಿ (ಬಲೆ ಚೀಲ) ತುಂಬಿ, ತಲೆ ಮೇಲೆ ಹೊತ್ಕೊಂಡು ಬರೋದು, ಆ ಎಲೆ ಜೊತೆ ಉಣುಗು ಕುತ್ತಿಗೆಗೆ, ಕೂದಲಿಗೆ, ಮನೆ ಅಂಗಳಕ್ಕೆ ಬರತ್ತೆ. ಇನ್ನು ಮೇಯೋಕೆ ಹೋದ ದನದ ಮೈಮೇಲೂ ಬರತ್ತೆ. ದನಕ್ಕೆ ಕಾಯಿಲೆ ಆಗಲ್ಲ, ಆದ್ರೆ ದೊಡ್ಡ ಉಣುಗು ರಕ್ತ ಕುಡಿದು ಮೊಟ್ಟೆ ಇಡೋಕೆ ದನ ಬೇಕು, ಹಾಗಾಗಿ ದನ ಓಡಾಡೋ ಕಾಡಂಚಲ್ಲಿ ಉಣುಗು ಜಾಸ್ತಿ.

ಇಂಥ ಕಡೆ ಕಾಡಿಗೆ ಹೋಗಬೇಡಿ ಅಂತ ಒಂದು ಸಾಲು ಬರೆದ್ರೆ ಅದು ಯಾರಿಗೂ ಉಪಯೋಗ ಇಲ್ಲ. ಈ ಹದಿನೈದು ದಿನ ಇಂಥಾ ಬೆಟ್ಟಕ್ಕೆ ಹೋಗಬೇಡಿ, ಅಲ್ಲಿ ಮಂಗ ಸತ್ತಿದೆ, ಆಚೆ ಕಡೆ ಬೆಟ್ಟದಲ್ಲಿ ಸದ್ಯಕ್ಕೆ ಏನೂ ಸಿಕ್ಕಿಲ್ಲ, ಅಲ್ಲಿ ಹೋಗೋದಾದ್ರೂ ಎಣ್ಣೆ ಹಚ್ಕೊಂಡು ತುಂಬು ತೋಳಿನ ಅಂಗಿ ಹಾಕ್ಕೊಂಡು ಹೋಗಿ ಅಂತ ಹೇಳಿ ನೋಡಿ, ಜನ ಕೇಳ್ತಾರಾ ಇಲ್ವಾ ಅಂತ. ನಾವು ಹಠಮಾರಿಗಳಲ್ಲ. ದುಡೀಲೇಬೇಕಾದವರಿಗೆ ಎಲ್ಲೂ ಹೋಗಬೇಡಿ ಅಂದ್ರೆ ಎಲ್ಲಾ ಕಡೆ ಹೋಗ್ತಾರೆ, ಇಲ್ಲಿ ಹೋಗಬೇಡಿ ಅಂದ್ರೆ ಅಲ್ಲಿ ಖಂಡಿತ ಹೋಗಲ್ಲ. ಅಷ್ಟು ನಂಬಿಕೆ ಇಟ್ಕೊಳ್ಳಿ ನಮ್ಮ ಮೇಲೆ.

ಎಣ್ಣೆ ಅಂದೆ. ಉಣುಗು ಹತ್ತಿರ ಬರದ ಹಾಗೆ ಮೈಗೆ ಹಚ್ಕೊಳ್ಳೋ ಡೇಪಾ ಎಣ್ಣೆ ಡಿಆರ್‌ಡಿಒದವರು, ಅಂದ್ರೆ ರಕ್ಷಣಾ ಸಂಶೋಧನಾ ಸಂಸ್ಥೆಯವರು, ಸೈನಿಕರಿಗೆ ಅಂತ ತಯಾರು ಮಾಡಿದ್ದು, ಈಗ ನಮಗೂ ಕೊಡ್ತಿದಾರೆ, ಒಳ್ಳೇದೇ. ಆದ್ರೆ ಒಂದು ಮನೆಗೆ ಒಂದು ಬಾಟ್ಲಿ ಕೊಟ್ಟು ಸಹಿ ಮಾಡಿಸ್ಕೊಂಡು ಹೋದ್ರೆ ಮುಗೀತಾ. ಅದರ ಪರಿಣಾಮ ಇರೋದು ಕೆಲವು ಗಂಟೆ, ಬೆವರಿದ್ರೆ ಮತ್ತೆ ಹಚ್ಕೋಬೇಕು, ತೋಟಕ್ಕೆ ಕೂಲಿಗೆ ಬರೋರಿಗೂ ಬೇಕು. ಕೂಲಿಯವರು ಬೇರೆ ಜಿಲ್ಲೆಯಿಂದ ಬಂದವರಾದ್ರೆ ಅವರ ಹೆಸರು ಆಶಾ ಅವರ ಪಟ್ಟಿಯಲ್ಲೇ ಇರಲ್ಲ, ಅವರಿಗೆ ಈ ಕಾಯಿಲೆ ಇದೆ ಅಂತಲೇ ಗೊತ್ತಿರಲ್ಲ. ಈ ಕೂಲಿಯವರ ವಿಷಯ ಯಾವ ಸಭೆಯಲ್ಲೂ ಯಾರೂ ಎತ್ತಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಮಂಗ ಸತ್ತಿದ್ದನ್ನ ಜನಾನೇ ತಿಳಿಸಬೇಕು ಅಂತ ಇಲಾಖೆ ಹೇಳತ್ತೆ. ಸರಿ. ಯಾರಿಗೆ ತಿಳಿಸಬೇಕು? ಪಂಚಾಯ್ತಿಗೆ ಹೇಳಿದ್ರೆ ಫಾರೆಸ್ಟ್‌ನವರಿಗೆ ಹೇಳಿ ಅಂತಾರೆ, ಫಾರೆಸ್ಟ್‌ನವರು ಆಸ್ಪತ್ರೆಗೆ ಹೇಳಿ ಅಂತಾರೆ, ಆಸ್ಪತ್ರೆಯವರು ಪೋಸ್ಟ್‌ಮಾರ್ಟಂ ಮಾಡೋದು ದನದ ಡಾಕ್ಟರು ಅಂತಾರೆ, ದನದ ಡಾಕ್ಟರಿಗೆ ಅವತ್ತು ಇನ್ನೊಂದು ಹೋಬಳಿ ಡ್ಯೂಟಿ. ಅಷ್ಟರಲ್ಲಿ ಹೆಣ ಕೊಳೆತಿರತ್ತೆ, ಕೊಳೆತದ್ದರಿಂದ ಸ್ಯಾಂಪಲ್ ತೆಗೆಯೋಕೆ ಆಗಲ್ಲ, ಸ್ಯಾಂಪಲ್ ಇಲ್ಲ ಅಂದ್ರೆ ಕಾರಣ ಗೊತ್ತಿಲ್ಲ ಅಂತ ಬರ್ಕೊಂಡು ಮುಗಿಸ್ತಾರೆ. ಜೊತೆಗೆ ಇನ್ನೊಂದು ಹೆದರಿಕೆ ಇದೆ, ನಮ್ಮ ತೋಟದಲ್ಲಿ ಮಂಗ ಸತ್ತಿದೆ ಅಂತ ನಾವೇ ಹೇಳಿದ್ರೆ ನೀವೇ ವಿಷ ಇಟ್ಟಿರಬೇಕು, ಹೊಡೆದಿರಬೇಕು ಅಂತ ಕೇಸ್ ಹಾಕ್ತಾರೆ ಅಂತ. ಮಂಗನ ಹಾವಳಿಗೆ ಬೇಸತ್ತ ರೈತರಿರೋ ಕಡೆ ಇದು ಸುಮ್ಮನೆ ಬಂದ ಹೆದರಿಕೆ ಅಲ್ಲ. ಹಾಗಾಗಿ ಎಷ್ಟೋ ಜನ ಕಂಡ್ರೂ ಕಾಣದ ಹಾಗೆ ಹೋಗ್ತಾರೆ, ಇನ್ನು ಕೆಲವರು ತಾವೇ ಬರಿಗೈಯಲ್ಲಿ ಎಳೆದು ಹೂತುಬಿಡ್ತಾರೆ, ಅದು ಎಲ್ಲದಕ್ಕಿಂತ ಅಪಾಯ. ಸತ್ತ ಮಂಗದ ಬಗ್ಗೆ ತಿಳಿಸಿದವರ ಮೇಲೆ ಯಾವ ಕೇಸೂ ಇಲ್ಲ ಅಂತ ಅರಣ್ಯ ಇಲಾಖೆ ಬರವಣಿಗೆಯಲ್ಲಿ ಹೇಳಬೇಕು, ಸಾಗರದಲ್ಲಾಗಲಿ ಸಿದ್ದಾಪುರದಲ್ಲಾಗಲಿ ಕೊಪ್ಪದಲ್ಲಾಗಲಿ ಒಂದೇ ಫೋನ್ ನಂಬರ್ ಇರಬೇಕು, ಮೂರು ಇಲಾಖೆ ನಡುವೆ ಯಾರು ಯಾರಿಗೆ ಹೇಳ್ತಾರೆ ಅನ್ನೋದು ನಿಮ್ಮೊಳಗಿನ ವಿಷಯ, ಅದನ್ನ ನಮ್ಮ ತಲೆಗೆ ಕಟ್ಟಬೇಡಿ.

ಮಂಗ ಸತ್ತಿಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತಾನೂ ಅಲ್ಲ. ದಟ್ಟ ಕಾಡೊಳಗೆ ಸತ್ತಿದ್ದು ಯಾರ ಕಣ್ಣಿಗೂ ಬೀಳಲ್ಲ. ಅದಕ್ಕೇ ಉಣುಗು ಹಿಡಿದು ಟೆಸ್ಟ್ ಮಾಡೋದು, ಬಟ್ಟೆ ಎಳೆದು ಉಣುಗು ಸಂಗ್ರಹ ಮಾಡ್ತಾರಲ್ಲ, ಅದರ ಫಲಿತಾಂಶ ಅಷ್ಟೇ ಮುಖ್ಯ. ಆ ಫಲಿತಾಂಶ ಲ್ಯಾಬಿಂದ ಜಿಲ್ಲಾ ಕಚೇರಿಗೆ ಬರತ್ತೆ, ಅಲ್ಲಿಂದ ಕೆಳಗೆ ಪಂಚಾಯ್ತಿ ಬೋರ್ಡಿಗೆ ಬಂದಿದ್ದು ನಾನು ಇವತ್ತಿನವರೆಗೆ ನೋಡಿಲ್ಲ. ಕಾಡು, ತೋಟ, ಗದ್ದೆ ಬೆರೆತಿರೋ ಅಂಚುಗಳಲ್ಲಿ ಅಪಾಯ ಹೆಚ್ಚು ಅಂತ ಸಂಶೋಧಕರು ನಕ್ಷೆ ಕೂಡ ಮಾಡಿದಾರೆ. ಅಂಥಾ ನಕ್ಷೆ ಇಂಗ್ಲಿಷ್ ಜರ್ನಲಿನಲ್ಲಿ ಇದ್ದು ನಮಗೇನು ಬಂತು, ನಮ್ಮ ಬೆಟ್ಟದ ಹೆಸರು ಹಾಕಿ ಕನ್ನಡದಲ್ಲಿ ಗ್ರಾಮಸಭೆಯಲ್ಲಿ ತೋರಿಸಿ.

ಜ್ವರದ ವಿಷಯಕ್ಕೆ ಬರ್ತೀನಿ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಏಕ್‌ದಂ ಜ್ವರ ಏರತ್ತೆ, ಹಣೆ ಭಾಗದಲ್ಲಿ ತಡೆಯೋಕೆ ಆಗದ ತಲೆನೋವು, ಸೊಂಟ ಕಾಲು ಮೈಯೆಲ್ಲಾ ನೋವು, ಕಣ್ಣು ಕೆಂಪು, ಕೆಲವರಿಗೆ ವಾಂತಿ ಭೇದಿ, ಕೆಲವರಿಗೆ ಮೂಗು ಒಸಡಲ್ಲಿ ರಕ್ತ. ಒಂದೆರಡು ವಾರಕ್ಕೆ ಹೆಚ್ಚಿನವರು ಸುಧಾರಿಸ್ಕೊಳ್ತಾರೆ, ಆದ್ರೆ ಕೆಲವರಿಗೆ ಜ್ವರ ಬಿಟ್ಟು ಹುಷಾರಾದ್ರು ಅಂದ್ಕೊಳ್ಳೋ ಹೊತ್ತಿಗೆ ಮತ್ತೆ ಜ್ವರ ತಿರುಗಿ ಬರತ್ತೆ, ಈ ಸಲ ಕೈ ನಡುಕ, ಮಂಪರು, ತಲೆಗೆ ಏರೋ ಲಕ್ಷಣ. ನೂರು ಜನಕ್ಕೆ ಬಂದ್ರೆ ಮೂರರಿಂದ ಐದು ಜನ ಸಾಯೋ ಕಾಯಿಲೆ ಇದು. ಇದಕ್ಕೆ ಅಂತ ಪ್ರತ್ಯೇಕ ಔಷಧಿ ಇಲ್ಲ, ಬೇಗ ಗುರುತು ಹಿಡಿದು, ನೀರಿನ ಅಂಶ, ರಕ್ತಸ್ರಾವ, ಪ್ಲೇಟ್‌ಲೆಟ್ ನೋಡ್ಕೊಂಡು ಹೋಗೋದೇ ಚಿಕಿತ್ಸೆ. ಅಂದ್ರೆ ಉಳಿಸೋದು ಸಮಯ.

ಆ ಸಮಯ ಎಲ್ಲಿ ಹೋಗತ್ತೆ ಅಂತ ಹೇಳ್ತೀನಿ. ನಮ್ಮ ಪಕ್ಕದ ಊರಿನ ಒಬ್ಬರಿಗೆ ಜ್ವರ ಬಂತು, ಹತ್ತಿರದ ಪೇಟೆಯ ಕ್ಲಿನಿಕ್ಕಿಗೆ ಹೋದ್ರು, ಮೈಕೈ ನೋವಿಗೆ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು, ಎರಡು ದಿನ ಬಿಟ್ಟು ಟೈಫಾಯ್ಡ್ ಇರಬಹುದು ಅಂದ್ರು, ಆಮೇಲೆ ಡೆಂಗ್ಯೂ ಟೆಸ್ಟ್ ಅಂದ್ರು. ಯಾವ ಊರು, ಕಾಡಿಗೆ ಹೋಗಿದ್ರಾ, ದರಕಿಗೆ ಹೋಗಿದ್ರಾ ಅಂತ ಒಬ್ಬರೂ ಕೇಳಲಿಲ್ಲ. ಕೊನೆಗೆ ಆಶಾ ಅವರೇ ಹಠ ಮಾಡಿ ಸರ್ಕಾರಿ ಆಸ್ಪತ್ರೇಲಿ ರಕ್ತ ಕೊಡಿಸಿದ್ದು. ಅವರು ಉಳ್ಕೊಂಡ್ರು, ದೇವರು ದೊಡ್ಡವನು. ರಕ್ತಸ್ರಾವ ಆಗೋ ಕಾಯಿಲೇಲಿ ಆಸ್ಪಿರಿನ್ ತರದ ನೋವಿನ ಔಷಧಿ ಕೊಡಬಾರದು, ಪ್ಯಾರಾಸಿಟಮಾಲ್ ಸಾಕು ಅನ್ನೋದು ಡಾಕ್ಟರುಗಳಿಗೆ ಗೊತ್ತಿಲ್ಲದ್ದೇನಲ್ಲ, ಆದ್ರೆ ಈ ಸೀಸನ್ನಲ್ಲಿ, ಈ ತಾಲೂಕಲ್ಲಿ ಯಾವುದೇ ಜ್ವರ ಬಂದ್ರೂ ಕೆಎಫ್‌ಡಿ ಇರಬಹುದಾ ಅಂತ ಮೊದಲು ಯೋಚನೆ ಮಾಡಿ ಅಂತ ಪ್ರತಿ ಪ್ರೈವೇಟ್ ಕ್ಲಿನಿಕ್ಕಿಗೆ, ಪ್ರತಿ ಮೆಡಿಕಲ್ ಶಾಪಿಗೆ ಇಲಾಖೆಯಿಂದ ಹೇಳಿಕಳಿಸಬೇಕು. ನಮ್ಮ ಜನ ಮೊದಲು ಹೋಗೋದು ಅಲ್ಲಿಗೇ. ಶುರುವಿನ ದಿನಗಳಲ್ಲಿ ವೈರಸ್ ಹುಡುಕೋ ಆರ್‌ಟಿ-ಪಿಸಿಆರ್ ಟೆಸ್ಟ್, ದಿನ ಕಳೆದಮೇಲೆ ರಕ್ತದಲ್ಲಿ ಪ್ರತಿಕಾಯ ನೋಡೋ ಐಜಿಎಂ ಟೆಸ್ಟ್, ಎರಡಕ್ಕೂ ವ್ಯವಸ್ಥೆ ಇದೆ. ಮೊದಲು ಪುಣೆಗೆ ಕಳಿಸಿ ಕಾಯಬೇಕಿತ್ತು, ಈಗ ಶಿವಮೊಗ್ಗದಲ್ಲೇ ಲ್ಯಾಬ್ ಇದೆ, ಇದು ನಿಜವಾಗಲೂ ದೊಡ್ಡ ಉಪಕಾರ. ಆದ್ರೆ ರಿಪೋರ್ಟ್ ಲ್ಯಾಬಲ್ಲಿ ರೆಡಿ ಆಗೋಕೂ ರೋಗಿ ಮನೆಯವರ ಕಿವಿಗೆ ಬೀಳೋಕೂ ನಡುವೆ ದಿನಗಳು ಹೋಗಬಾರದು. ನೆಟ್‌ವರ್ಕ್ ಸಿಗದ ಊರು ನಮ್ಮದು, ಫೋನ್ ಹೋಗಿಲ್ಲ ಅಂತ ಸುಮ್ಮನಾಗಬೇಡಿ, ಮನುಷ್ಯರನ್ನ ಕಳಿಸಿ.

ಲಸಿಕೆ. ಇದರ ಬಗ್ಗೆ ಬರೆಯೋಕೆ ಕೂತ್ರೆ ಸಿಟ್ಟು ಬರತ್ತೆ, ಆದ್ರೂ ಸಮಾಧಾನದಿಂದ ಬರೀತೀನಿ. 1990ರಿಂದ ನಮ್ಮ ಕಡೆ ಲಸಿಕೆ ಹಾಕ್ತಾ ಬಂದ್ರು, ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಸಂಸ್ಥೆಯಲ್ಲಿ ತಯಾರಾಗ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಾ ವರ್ಷಾ ಬೂಸ್ಟರ್. ತೋಳು ಊದಿ ಎರಡು ದಿನ ಕೆಲಸ ಮಾಡೋಕಾಗದಷ್ಟು ನೋವು. ಶುರುವಿನ ಟ್ರಯಲ್‌ನಲ್ಲಿ ಎರಡು ಡೋಸಿಗೆ 93% ರಕ್ಷಣೆ ಅಂದಿದ್ರು. ಆಮೇಲೆ 2005ರಿಂದ 2010ರವರೆಗಿನ ಲೆಕ್ಕ ತೆಗೆದು ನೋಡಿದ ಅಧ್ಯಯನದಲ್ಲಿ ಎರಡು ಡೋಸಿಗೆ 62%, ಬೂಸ್ಟರ್ ಸೇರಿದ್ರೆ 83%ರ ಹತ್ತಿರ ಅಂತ ಬಂತು, ಅದು 2013ರಲ್ಲಿ ಪ್ರಕಟವಾಗಿತ್ತು. ಅದನ್ನ ನಮಗೆ ಯಾರೂ ಹೇಳಲಿಲ್ಲ. ಲಸಿಕೆ ತಗೊಂಡವರಿಗೂ ಕಾಯಿಲೆ ಬಂದಾಗ, ನೀವು ಬೂಸ್ಟರ್ ಸರಿಯಾಗಿ ತಗೊಂಡಿಲ್ಲ ಅಂತ ಜನರನ್ನೇ ದೂರಿದ್ರು. 2022ರಲ್ಲಿ ಇದ್ದಕ್ಕಿದ್ದ ಹಾಗೆ ಲಸಿಕೆ ನಿಂತುಹೋಯ್ತು, ಅದಕ್ಕೆ ಬೇಕಾದಷ್ಟು ಶಕ್ತಿ ಇಲ್ಲ ಅಂತ. ಇದೂ ಪೇಪರಲ್ಲೇ ನಾವು ಓದಿದ್ದು.

ಆಶಾ ಅವರು ಪ್ರತಿ ವರ್ಷ ಮನೆ ಬಾಗಿಲಿಗೆ ಬಂದು, ತಗೊಳ್ಳಿ ಅಕ್ಕಾ, ತಗೊಳ್ಳಿ ಭಾವಾ ಅಂತ ಕಾಡಿ ಬೇಡಿ ಹಾಕಿಸಿದ್ರಲ್ಲ, ಮಾರನೇ ವರ್ಷ ಅವರ ಮುಖಕ್ಕೆ ಜನ ಏನು ಕೇಳಿರಬೇಕು ಯೋಚನೆ ಮಾಡಿ. ಹಾಗಾದ್ರೆ ಇಷ್ಟು ವರ್ಷ ಏನು ಚುಚ್ಚಿದ್ರಿ ಅಂತ ಕೇಳಿದ್ರೆ ಅವರ ಹತ್ರ ಉತ್ತರ ಇಲ್ಲ, ಅವರಿಗೂ ಯಾರೂ ಹೇಳಿರಲಿಲ್ಲ. ಈಗ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ಸೇರಿ ಹೊಸ ಲಸಿಕೆ ಮಾಡ್ತಿದಾರೆ. ಬರಲಿ, ಬೇಗ ಬರಲಿ, ನಾನೇ ಮೊದಲ ಸಾಲಲ್ಲಿ ನಿಂತು ತಗೊಳ್ತೀನಿ. ಆದ್ರೆ ಹಳೇ ಲಸಿಕೆಯಲ್ಲಿ ಏನಾಯ್ತು, ಯಾವಾಗಿಂದ ಅದು ಕೆಲಸ ಮಾಡ್ತಿರಲಿಲ್ಲ, ಅದನ್ನ ತಗೊಂಡಿದ್ದರಿಂದ ತೊಂದರೆ ಇದ್ಯಾ ಇಲ್ವಾ ಅಂತ ಊರೂರಿಗೆ ಬಂದು ಬಿಡಿಸಿ ಹೇಳದೆ ಹೊಸದನ್ನ ತಂದ್ರೆ ಜನ ತೋಳು ಕೊಡಲ್ಲ. ಈಗಿಂದಲೇ ಹೇಳೋಕೆ ಶುರು ಮಾಡಿ, ಲಸಿಕೆ ಎಲ್ಲಿಗೆ ಬಂತು, ಯಾವ ಹಂತದ ಪರೀಕ್ಷೆ ನಡೀತಿದೆ, ತಡ ಆದ್ರೆ ಯಾಕೆ ತಡ. ತಡ ಆಗಿದೆ ಅಂತ ಹೇಳಿದ್ರೆ ನಮಗೆ ಬೇಜಾರಾಗತ್ತೆ ಅಷ್ಟೇ, ಆದ್ರೆ ಮುಂದಿನ ವರ್ಷ ಬಂದೇ ಬಿಡತ್ತೆ ಅಂತ ಭಾಷಣದಲ್ಲಿ ಹೇಳಿ ಬರದೇ ಇದ್ರೆ ಆಮೇಲೆ ನೀವು ಹೇಳೋ ಒಳ್ಳೇ ಮಾತನ್ನೂ ಯಾರೂ ನಂಬಲ್ಲ.

ಬೆಳ್ತಂಗಡಿ ಕಡೆ ಆಗಿದ್ದನ್ನ ಇಲ್ಲಿ ಒಂಚೂರು ನೆನಪು ಮಾಡ್ಲೇಬೇಕು. ಅಲ್ಲಿ ಗೇರು ನೆಡೋಕೆ ಅಂತ ಹಳೇ ಕಾಡು ಕಡಿದ್ರು, ಅದರ ಬೆನ್ನಲ್ಲೇ ಕಾಯಿಲೆ ಬಂತು, 1983ರ ಒಂದೇ ಸೀಸನ್ನಲ್ಲಿ 1,555 ಜನಕ್ಕೆ ಕಾಯಿಲೆ, 150 ಸಾವು. ಕಾಡಿನ ಅಂಚು ಹರಿದಾಗಲೆಲ್ಲಾ ಮನುಷ್ಯ, ದನ, ಮಂಗ, ಉಣುಗು ಎಲ್ಲಾ ಒಂದೇ ಜಾಗಕ್ಕೆ ಬರತ್ತೆ. ಈಗ ನಮ್ಮ ಕಣಿವೆಗಳಲ್ಲಿ ಹೊಸ ಯೋಜನೆ, ರಸ್ತೆ ಅಗಲ, ಮರ ಕಡಿತ ಅಂತ ದೊಡ್ಡ ದೊಡ್ಡ ಪ್ಲಾನ್ ಬರ್ತಾ ಇದಾವೆ, ಅದರ ವರದಿಯಲ್ಲಿ ಹುಲಿ, ಸಿಂಗಳೀಕ ಎಲ್ಲಾ ಲೆಕ್ಕಕ್ಕಿದೆ, ಈ ಕಾಯಿಲೆ ಎಲ್ಲಿ ಬರತ್ತೆ ಅನ್ನೋ ಪ್ರಶ್ನೆಗೂ ಅದರಲ್ಲಿ ಜಾಗ ಇರಬೇಕು. ಇದು ಆರೋಗ್ಯ ಸಚಿವರೇ ಸಂಪುಟದಲ್ಲಿ ಎತ್ತಬೇಕಾದ ಮಾತು, ಬೇರೆ ಯಾರೂ ಎತ್ತಲ್ಲ.

ಇನ್ನು ನಮ್ಮೋರಿಗೆ ಎರಡು ಮಾತು. ಅಧಿಕಾರಿಗಳಿಗೆ ಇಷ್ಟೆಲ್ಲಾ ಹೇಳಿ ನಾವು ಸುಮ್ಮನೆ ಕೂತ್ಕೊಳ್ಳೋದಲ್ಲ. ಕಾಡಿಂದ, ಬೆಟ್ಟದಿಂದ ಬಂದ ಕೂಡ್ಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಾಕಿ ಸ್ನಾನ ಮಾಡಿ, ಕಿವಿ ಹಿಂದೆ, ಕಂಕುಳು, ಸೊಂಟದ ಸುತ್ತ, ಮಕ್ಕಳ ತಲೆ ನೋಡಿ. ಉಣುಗು ಕಚ್ಚಿಕೊಂಡಿದ್ರೆ ಉಗುರಲ್ಲಿ ಹಿಸುಕಿ ಸಾಯಿಸಬೇಡಿ, ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆದು ತೆಗೀರಿ, ಸೋಪಲ್ಲಿ ತೊಳೀರಿ. ದರಕಿನ ಹೊರೆ ಮಲಗೋ ಮನೆ ಪಕ್ಕ ಒಟ್ಟಬೇಡಿ. ದನದ ಉಣುಗಿಗೆ ಪಶು ಆಸ್ಪತ್ರೆಯಲ್ಲಿ ಕೇಳಿ ಔಷಧಿ ಹಾಕ್ಸಿ. ಮಂಗ ಸತ್ತಿದ್ರೆ ಹತ್ತಿರ ಹೋಗಿ ಫೋಟೋ ತೆಗೆಯೋದು, ರೀಲ್ಸ್ ಮಾಡೋದು ಬೇಡ, ದೂರದಿಂದಲೇ ಜಾಗ ಗುರುತಿಟ್ಕೊಂಡು ತಿಳಿಸಿ. ಜ್ವರ ಬಂದ್ರೆ ಡಾಕ್ಟರ್ ಕೇಳದೇ ಇದ್ರೂ ನೀವೇ ಹೇಳಿ, ನಾನು ಇಂಥಾ ಊರಿನವನು, ಕಾಡಿಗೆ ಹೋಗಿದ್ದೆ, ಮಂಗನ ಕಾಯಿಲೆ ಟೆಸ್ಟ್ ಮಾಡಿ ಅಂತ. ಕೆಎಫ್‌ಡಿ ಚಿಕಿತ್ಸೆ ಉಚಿತ ಅಂತ ಸರ್ಕಾರ ಹೇಳಿದೆ, ಯಾರಾದ್ರೂ ದುಡ್ಡು ಕೇಳಿದ್ರೆ ತಾಲೂಕು ಆರೋಗ್ಯಾಧಿಕಾರಿಗೆ ಬರೆದು ಕೊಡಿ. ಮತ್ತೆ ಆಶಾ ಅವರ ಮೇಲೆ ಸಿಟ್ಟು ತೀರಿಸ್ಕೋಬೇಡಿ, ಅವರು ನಮ್ಮ ಜೊತೆ ಅದೇ ಕಾಲುದಾರೀಲಿ, ಅದೇ ಉಣುಗಿನ ನಡುವೆ ಓಡಾಡೋರು.

ಸಚಿವರೇ, ಜಿಲ್ಲಾಧಿಕಾರಿಗಳೇ, ದೀಪಾವಳಿ ಒಳಗೆ ಆಗಬೇಕಾದ ಕೆಲಸ ಇಷ್ಟು. ಪ್ರತಿ ಗ್ರಾಮ ಪಂಚಾಯ್ತಿ, ಹಾಲಿನ ಡೈರಿ, ಸೊಸೈಟಿ, ನ್ಯಾಯಬೆಲೆ ಅಂಗಡಿ ಮುಂದೆ ಒಂದು ಬೋರ್ಡ್ ಇಡಿಸಿ, ಅದರಲ್ಲಿ ಆ ವಾರ ಎಲ್ಲಿ ಮಂಗ ಸತ್ತಿದೆ, ಎಲ್ಲಿ ಉಣುಗು ಪಾಸಿಟಿವ್, ಎಲ್ಲಿ ಪುಡಿ ಹೊಡೆದಿದಾರೆ, ಯಾವ ಬೆಟ್ಟಕ್ಕೆ ಎಷ್ಟು ದಿನ ಹೋಗಬಾರದು ಅಂತ ಸೀಮೆಸುಣ್ಣದಲ್ಲಿ ಬರೀಲಿ, ಅದನ್ನೇ ಫೋಟೋ ಹೊಡೆದು ಊರಿನ ಗ್ರೂಪಿಗೆ ಪಂಚಾಯ್ತಿಯವರೇ ಹಾಕಲಿ, ಏನೂ ಸಿಕ್ಕಿಲ್ಲ ಅಂದ್ರೆ ಏನೂ ಸಿಕ್ಕಿಲ್ಲ ಅಂತ ಬರೀಲಿ. ಮಂಗ ಸತ್ತಿದ್ದು ತಿಳಿಸೋಕೆ ಹಗಲು ರಾತ್ರಿ ಎತ್ತೋ ಒಂದೇ ನಂಬರ್, ಅದೇ ಬೋರ್ಡಿನ ಮೇಲ್ಗಡೆ. ಬೋರ್ಡ್ ಬರೆಯೋ ಜವಾಬ್ದಾರಿ ಯಾರದ್ದು ಅಂತ ಒಬ್ಬರ ಹೆಸರಲ್ಲಿ ಆದೇಶ ಆಗಲಿ, ಆ ಆದೇಶದ ಪ್ರತಿ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಮುಂದಿನ ಗ್ರಾಮಸಭೆಗೆ ನಾವು ಹೆಂಗಸರೆಲ್ಲಾ ಬರ್ತೀವಿ, ಅಲ್ಲಿ ಇದನ್ನೇ ಕೇಳ್ತೀವಿ.

ಇಂತಿ,
ಸಾಗರ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ್ತಿ